ನಡುವೆ ಹಿಡಿದರೆ ಸಾಯುವ ಕಾರು

ಆ ಕಾರು ನಮ್ಮ ಶೆಡ್ಡಿಗೆ ಎರಡನೇ ಸಲ ಬಂದದ್ದು ಟೆಂಪೊ ಒಂದರ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಆಯುಧಪೂಜೆ ಮುಗಿದು ವಾರವಾಗಿತ್ತು. ಪೀಣ್ಯದ ಕಾರ್ಖಾನೆಗಳ ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿಯ ಚೂರುಗಳು ಲಾರಿ ಚಕ್ರಕ್ಕೆ ಸಿಕ್ಕಿ ಇನ್ನೂ ಕೆಂಪಗೆ ಕೊಳೆಯುತ್ತಿದ್ದವು. ಕಾರಿನ ಮುಂಭಾಗಕ್ಕೆ ಕಟ್ಟಿದ್ದ ಸೇವಂತಿಗೆ ಹಾರವೂ ಒಣಗಿ ಕಂದಿತ್ತು.

ಡ್ರೈವರ್ ಇಳಿದು ಹಗ್ಗ ಬಿಚ್ಚುತ್ತ ಹೇಳಿದರು: "ತುಮಕೂರು ರೋಡ್ ಮಧ್ಯದಾಗೆ ನಿಂತೋಯ್ತು ತಮ್ಮಾ. ಇಂದ್ಗಡೆ ಲಾರಿ. ಒಂದು ಮೊಳ ಉಳ್ಕಂಡಿತ್ತು, ಅಷ್ಟೇಯ. ಅಮ್ಮಾವ್ರು ಒಳಗೇ ಇದ್ರು."

ಅಮ್ಮಾವ್ರು ಅಂದರೆ ಕಾರಿನ ಒಡತಿ, ನಾಗಸಂದ್ರದ ಹತ್ತಿರ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು. ದಾವಣಗೆರೆ ಕಡೆಯವರು. ಲಗ್ಗೆರೆಯ ಸಣ್ಣ ಕ್ಲಿನಿಕ್ಕಿನಿಂದ ಕಷ್ಟದ ಹೆರಿಗೆ ಎಂದು ಕರೆ ಬಂದು ಹೊರಟಿದ್ದವರು ದಾರಿ ಮಧ್ಯೆ ಇಳಿದು ಆಟೊ ಹತ್ತಿದ್ದರು. ಕಾರು ಅವರ ಮಾವನವರು ಕೊಂಡದ್ದು. ಐವತ್ತರ ದಶಕದ ಇಂಗ್ಲಿಷ್ ಕಾರು, ಕೆನೆ ಬಣ್ಣ, ನಾಲ್ಕು ಸಿಲಿಂಡರು. ಬಾಗಲಗುಂಟೆಯ ಈ ಡ್ರೈವರ್ ಇಪ್ಪತ್ತೆರಡು ವರ್ಷದಿಂದ ಅದನ್ನು ಓಡಿಸುತ್ತಿದ್ದರು. ಅರವತ್ತು ದಾಟಿದ್ದ ಅವರಿಗೆ ಬೇರೆ ಯಾವ ಕಾರನ್ನೂ ಓಡಿಸಿ ಅಭ್ಯಾಸವಿರಲಿಲ್ಲ. ಬೇರೆಯವರು ಕರೆದು ಕೆಲಸ ಕೊಡುವ ವಯಸ್ಸೂ ಅದಾಗಿರಲಿಲ್ಲ.

ನನಗೆ ಆಗ ಇಪ್ಪತ್ಮೂರು. ಪಾಲಿಟೆಕ್ನಿಕ್ಕಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದಿದ್ದೆ, ಸತತ ಎರಡು ವರ್ಷ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಿನವರ ಮಾತು ಮುಗಿಯುವ ಮೊದಲೇ ಅದರಲ್ಲಿನ ಬಿರುಕು ಕಾಣಿಸಬೇಕು ಎಂಬುದು ಅಲ್ಲಿ ಕಲಿತ ಪಾಠ. ನಮ್ಮ ಆಟೊ ಎಲೆಕ್ಟ್ರಿಕಲ್ ಶೆಡ್ಡಿನ ಮೇಸ್ತ್ರಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏ ವಕೀಲ್ ಸಾಬ್" ಎನ್ನುತ್ತಿದ್ದರು. ಅದನ್ನು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಕಾರು ಮೊದಲ ಸಲ ಬಂದಿದ್ದು ಆಷಾಢದಲ್ಲಿ, ಬೆಳಿಗ್ಗೆ ಎಂಜಿನ್ ಹತ್ತುವುದಿಲ್ಲ ಎಂಬ ದೂರಿನೊಂದಿಗೆ. ಅಂದು ಮೇಸ್ತ್ರಿ ಲಾರಿಯೊಂದರ ಅಡಿಯಲ್ಲಿ ಮಲಗಿದ್ದರು. ಕೆಲಸ ನನ್ನ ಪಾಲಿಗೆ ಬಂತು. ಇಂಥ ಹಳೆ ಎಂಜಿನ್ನಿನಲ್ಲಿ ಕಿಡಿಯನ್ನು ಹಂಚುವುದು ಡಿಸ್ಟ್ರಿಬ್ಯೂಟರ್ ಎಂಬ ಲೋಟದ ಗಾತ್ರದ ಡಬ್ಬಿ. ಮೇಲೆ ಕಪ್ಪು ಮುಚ್ಚಳ, ಅದರಿಂದ ಹೊರಟ ಐದು ದಪ್ಪ ವೈರು. ಮುಚ್ಚಳ ತೆಗೆದರೆ ಒಳಗೊಂದು ತಟ್ಟೆ, ತಟ್ಟೆಯ ಮೇಲೆ ಪಾಯಿಂಟ್ ಎನ್ನುವ ಎರಡು ಪುಟ್ಟ ಲೋಹದ ತುಟಿಗಳು. ಅವು ಕೂಡಿ ಬಿಟ್ಟಾಗಲೆಲ್ಲ ಪಕ್ಕದ ಕಾಯಿಲಿನಲ್ಲಿ ಒಂದು ಕಿಡಿ ಹುಟ್ಟುತ್ತದೆ. ಆ ತುಟಿಗಳು ಸುಟ್ಟು ಕಪ್ಪಾಗಿದ್ದವು. ಹೊಸ ಪಾಯಿಂಟ್ ಹಾಕಿದೆ, ತುಟಿಗಳು ಸುಡದಂತೆ ಕಾಯುವ ಕಂಡೆನ್ಸರ್ ಎಂಬ ಬಿಲ್ಲೆಯನ್ನು ಬದಲಿಸಿದೆ. ಡಬ್ಬಿಯ ಗೋಡೆಯಿಂದ ಪಾಯಿಂಟಿಗೆ ಹೋಗುವ ಎರಡಂಗುಲದ ವೈರೊಂದಿತ್ತು. ಮೇಲಿನ ಬಟ್ಟೆ ಹರಿದು, ಜೋಲು ಬಿದ್ದು, ಸತ್ತ ಎರೆಹುಳದಂತಿತ್ತು. ಅದನ್ನೂ ಕಿತ್ತು ಹೊಸದು ಹಾಕಿದೆ.

ಈ ಶೆಡ್ಡಿಗೆ ಬರುವ ಮುಂಚೆ ನಾನು ಪೀಣ್ಯದಲ್ಲೇ ಕಂಟ್ರೋಲ್ ಪ್ಯಾನೆಲ್ ಮಾಡುವ ಕಡೆ ಒಂದೂವರೆ ವರ್ಷ ವೈರಿಂಗ್ ಮಾಡಿದ್ದೆ. ಅಲ್ಲಿ ವೈರು ಎಳೆಯುವುದಕ್ಕೆ 'ಡ್ರೆಸ್ಸಿಂಗ್' ಎನ್ನುತ್ತಿದ್ದರು. ಪ್ರತಿ ವೈರೂ ಗೆರೆ ಎಳೆದಂತೆ ನೇರ, ತಿರುವಿನಲ್ಲಿ ಒಂದೇ ಮೂಲೆ, ಎಲ್ಲೂ ಜೋಲು ಇರಕೂಡದು. ಸೂಪರ್‌ವೈಸರ್ ಸ್ಟೀಲ್ ಸ್ಕೇಲನ್ನು ವೈರಿಗೆ ತಾಗಿಸಿ ನೋಡುತ್ತಿದ್ದ. ನಡುವೆ ಬೆಳಕು ಕಂಡರೆ ಬಿಚ್ಚಿ ಮತ್ತೆ ಎಳೆಯಬೇಕು. ಅಂಥ ಕೈ ನನ್ನದು. ಅಲ್ಲಿಂದ ತಂದಿದ್ದ ಬೂದು ಬಣ್ಣದ ಗಟ್ಟಿ ವೈರಿನ ತುಂಡೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಎರಡೂ ತುದಿಗೆ ಲಗ್ಗು ಎಂಬ ಲೋಹದ ಬಳೆ ಒತ್ತಿ, ತಂತಿವಾದ್ಯದ ತಂತಿಯಷ್ಟು ಬಿಗಿಯಾಗಿ ಕೂರಿಸಿದೆ. ಮುಚ್ಚಳ ಹಾಕುವ ಮೊದಲು ಒಂದು ಗಳಿಗೆ ನೋಡಿ ನಿಂತದ್ದು ನೆನಪಿದೆ. ಅಷ್ಟು ಚೆನ್ನಾಗಿತ್ತು.

ಕಾರು ಮೂರು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಈ ಹಗ್ಗ.

ನಾನು ಬಾನೆಟ್ ಎತ್ತಿದೆ. ಕೆಲಸ ಅಲ್ಲೇ ಮುಗಿದುಹೋಯಿತು ಅನ್ನಿಸಿತು. ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳದ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ದೊಡ್ಡ ಬೊಟ್ಟು. ಕಾಯಿಲಿನ ನೆತ್ತಿಗೂ ಹಾಗೆಯೇ. ಸಾವಿರಾರು ವೋಲ್ಟು ಓಡಾಡುವ ಜಾಗ.

"ಇದನ್ನ ಯಾರು ಹಚ್ಚಿದ್ದು?" ಎಂದೆ.

"ನಾನೇಯ. ಪೂಜೆಗೆ. ಎಲ್ಲಾ ಕರೆಂಟು ಇಲ್ಲಿಂದ್ಲೇ ಅಲ್ವಾ ಓಗಾದು, ಅದುಕ್ಕೆ."

"ಅದಕ್ಕೇ ಕರೆಂಟು ಇದರ ಮೇಲೆ ಹರಿದು ಸೋರಿಹೋಗ್ತಿದೆ ಅಣ್ಣ. ಪೂಜೆಗೆ ಮುಂಚೆ ಗಾಡಿ ನಿಂತಿತ್ತಾ?"

"ಇಲ್ಲ."

"ಪೂಜೆ ಆದ್ಮೇಲೆ?"

"ಆದ್ಮೇಲೆ ಮೂರ್ ಸಲ. ಆದ್ರೆ ತಮ್ಮಾ, ಅದು ನಿಲ್ಲಾ ತರ ಬ್ಯಾರೆ ಐತೆ. ಕಾಲು ಪೂರಾ ಒತ್ತುದ್ರೆ ಓಡ್ತೈತೆ. ಪೂರಾ ಬಿಟ್ರೂ ಓಡ್ತೈತೆ. ನಡುವೆ ಇಡ್ಕಂಡ್ರೆ ಮಾತ್ರ ಬಿಕ್ಕಳಿಸಿ..."

"ಅಣ್ಣ, ಕಿಡಿ ಸೋರಿದ್ರೆ ಹೇಗೆ ಹಿಡಿದ್ರೂ ನಿಲ್ಲುತ್ತೆ. ಪೂಜೆಗೆ ಮುಂಚೆ ಇರಲಿಲ್ಲ, ಆಮೇಲೆ ಬಂತು. ನಡುವೆ ಬದಲಾಗಿದ್ದು ಇದೊಂದೇ. ಇನ್ನೇನು ಬೇಕು?"

ಅವರು ಇನ್ನೇನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಗೆದ್ದೆ ಅಂದುಕೊಂಡೆ.

ಮುಚ್ಚಳ ಕಳಚಿ ಪೆಟ್ರೋಲಿನಲ್ಲಿ ಒರೆಸಿದೆ. ಒಳಗಿನ ಪಾಯಿಂಟು, ವೈರು, ತಟ್ಟೆ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿದೆ. ಕೀ ತಿರುಗಿಸಿದೊಡನೆ ಎಂಜಿನ್ ಹತ್ತಿತು. ಬಾನೆಟ್ಟಿನ ಬಳಿ ನಿಂತು ಕೈಯಲ್ಲೇ ಆಕ್ಸಿಲರೇಟರ್ ಎಳೆದು ಬಿಟ್ಟು ನಾಲ್ಕು ಸಲ ಘರ್ ಅನ್ನಿಸಿದೆ. ಪೀಣ್ಯ ಎರಡನೇ ಹಂತದ ಗುಂಡಿ ಬಿದ್ದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹೊಡೆದು ಬಂದೆ. ಒಂದು ಬಿಕ್ಕಳಿಕೆಯೂ ಇಲ್ಲ.

ಸಂಜೆ ಡಾಕ್ಟರು ಬಂದರು. "ಏನಾಗಿತ್ತಪ್ಪ ಇದಕ್ಕೆ? ಆ ಲಾರಿ ಬ್ರೇಕ್ ಹಾಕಿದ ಸದ್ದು ಇನ್ನೂ ನನ್ನ ಕಿವಿಯಾಗೈತಿ."

"ಡ್ರೈವರ್ ಕುಂಕುಮ ಹಚ್ಚಿದ್ರು ಮೇಡಂ, ಡಿಸ್ಟ್ರಿಬ್ಯೂಟರ್ ಮೇಲೆ. ಕಿಡಿ ಸೋರಿ ಎಂಜಿನ್ ನಿಂತಿದೆ. ಈಗ ಒರೆಸಿದ್ದೀನಿ."

"ಕುಂಕುಮದಿಂದನಾ?"

"ಕುಂಕುಮದಿಂದಲೇ."

ಅಂದು ಹೇಳಿದ್ದರಲ್ಲಿ ಏನನ್ನು ಬಿಟ್ಟೆ ಎಂಬುದನ್ನು ಇಲ್ಲೇ ಬರೆದುಬಿಡಬೇಕು. ಮುಚ್ಚಳದ ಮೇಲೆ ಕುಂಕುಮದ ಜೊತೆ ವಿಭೂತಿಯೂ ಇತ್ತು. ವಿಭೂತಿ ಬಂದಿದ್ದು ಡಾಕ್ಟರ ಮನೆಯ ದೇವರ ಜಗಲಿಯಿಂದ, ಗಟ್ಟಿಯನ್ನು ಅವರೇ ಕೈಯಾರೆ ಕೊಟ್ಟಿದ್ದರು. ಡ್ರೈವರ್ ಅದನ್ನು ನನಗೆ ಹೇಳಿದ್ದರು. ಎದುರು ನಿಂತ ಡಾಕ್ಟರ ಹಣೆಯ ಮೇಲೂ ಬೆಳಗಿನ ವಿಭೂತಿಯ ಗೆರೆ ಇನ್ನೂ ಅಳಿಸಿರಲಿಲ್ಲ. ನಾನು ಅದನ್ನು ನೋಡುತ್ತಲೇ ಕುಂಕುಮ ಅಂದೆ. ದೇವರಿಗೂ ಹೆದರುವುದಿಲ್ಲ ಎಂದು ಮೆರೆಯುತ್ತಿದ್ದ ನನ್ನ ವಿಚಾರವಾದ ಗಿರಾಕಿಯ ಎದುರು ಜಾಣತನದಿಂದ ಅರ್ಧಕ್ಕೆ ನಿಂತಿತ್ತು.

ಡಾಕ್ಟರು ಡ್ರೈವರ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಲಗ್ಗೆರೆಯೊಳಗೆ ಆ ಹುಡುಗಿ ನನಗಾಗಿ ಮುಕ್ಕಾಲು ತಾಸು ಕಾದಾಳ. ನನ್ನ ಮಗ ಮೊದ್ಲಿಂದ ಹೇಳ್ತಾನ, ಸಣ್ಣ ಕಾರು ತಗೋ, ನೀನೇ ಓಡಿಸ್ಕೋ ಅಂತ. ಈ ತಿಂಗಳ ಕೊನೆತನಕ ಬಾ. ಆಮೇಲೆ ಬೇಡಪ್ಪ."

ಡ್ರೈವರ್ ಆಗಲೆಂದು ತಲೆ ಆಡಿಸಿದರು. ನನ್ನ ಕಡೆ ನೋಡಲೇ ಇಲ್ಲ. ಕಾರಿನ ಮುಂಭಾಗಕ್ಕೆ ಹೋಗಿ ಆ ಒಣ ಹಾರವನ್ನು ಬಿಚ್ಚಿ, ಮಡಚಿ, ಕಿಸೆಗೆ ಹಾಕಿಕೊಂಡರು.

ಲಾರಿಯ ಅಡಿಯಿಂದ ಮೇಸ್ತ್ರಿ ತಲೆ ಹೊರಹಾಕಿದರು. "ವಕೀಲ್ ಸಾಬ್, ಕೇಸ್ ಗೆದ್ದಾಯ್ತಾ?"

"ಗೆದ್ದೆ ಮೇಸ್ತ್ರಿ."

"ಗಾಡಿ?"

"ಅದೂ ಸರಿಯಾಯ್ತು."

"ಹೂಂ," ಎಂದು ಮತ್ತೆ ಒಳಗೆ ಸರಿದರು.

ಐದನೆಯ ದಿನ ಕಾರು ಜಾಲಹಳ್ಳಿ ಕ್ರಾಸಿನಲ್ಲಿ ಮತ್ತೆ ನಿಂತಿತು. ಫೋನು ಬಂದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಮತ್ತೆ ಹಚ್ಚಿದಾರೆ!" ಸೈಕಲ್ ತುಳಿದು ಹೋಗಿ ಬಾನೆಟ್ ಎತ್ತಿದೆ. ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು. ಡ್ರೈವರ್ ಅದನ್ನು ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ಆ ಹೊಳಪಿನ ಮುಂದೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಅವರು ಒಳಗೆ ಕೂತರು. ಕೀ ತಿರುಗಿಸಿದರು, ಹತ್ತಿತು. ಶೆಡ್ಡಿನವರೆಗೆ ಎರಡನೇ ಗೇರಿನಲ್ಲೇ ತಂದರು.

ಅಂದಿನಿಂದ ಮೂರು ದಿನ ಗೊಂದಲ. ಮೊದಲು ಕಾಯಿಲ್, ಕಂಡೆನ್ಸರ್ ಎರಡನ್ನೂ ಒಟ್ಟಿಗೆ ಬದಲಿಸಲು ಹೊರಟಿದ್ದೆ. ಮೇಸ್ತ್ರಿ ಕೈ ಹಿಡಿದರು. "ಅರೆ, ಎರಡು ಬದಲಿಸಿ ಸರಿಯಾದ್ರೆ ಯಾವುದರಿಂದ ಸರಿಯಾಯ್ತು ಅಂತೀಯ? ಒಂದು ಬದಲಿಸು, ಓಡಿಸು. ಆಗ್ಲಿಲ್ವಾ, ಹಳೇದು ವಾಪಸ್ ಹಾಕು. ಆಮೇಲೆ ಇನ್ನೊಂದು."

ಕಾಯಿಲ್ ಬದಲಿಸಿದೆ. ಡ್ರೈವರ್ ಹೆದ್ದಾರಿಗೆ ಹೋಗಿ ಬಂದು ಇಲ್ಲವೆಂದು ತಲೆ ಅಲ್ಲಾಡಿಸಿದರು. ಹಳೆಯದನ್ನು ಹಾಕಿದೆ. ಕಂಡೆನ್ಸರ್ ಬದಲಿಸಿದೆ. ಮತ್ತೆ ಇಲ್ಲ. ಪ್ಲಗ್ಗುಗಳು, ದಪ್ಪ ವೈರುಗಳು, ಮುಚ್ಚಳದೊಳಗೆ ತಿರುಗುವ ರೋಟರ್, ಒಂದೊಂದಾಗಿ. ತಪ್ಪು ಕಿಡಿಯದ್ದೇ ಅಲ್ಲವೇನೋ, ಪೆಟ್ರೋಲಿನದೇನೋ ಎಂದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನೂ ಬಿಚ್ಚಿ ತೊಳೆದೆ. ಶೆಡ್ಡಿನಲ್ಲಿ ನಿಂತಾಗ ಎಂಜಿನ್ ಪಾಪದ ಹಸು. ರಸ್ತೆಗಿಳಿದರೆ ಬಿಕ್ಕಳಿಕೆ. ಪ್ರತಿ ಸಲವೂ ಡ್ರೈವರ್ ಕಾರು ತಂದು ನಿಲ್ಲಿಸಿ, ಕೀ ಬೆಂಚಿನ ಮೇಲಿಟ್ಟು, ಹೊರಗಿನ ಕಲ್ಲಿನ ಮೇಲೆ ಕೂರುತ್ತಿದ್ದರು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಡಾಕ್ಟರು ಆಗಲೇ ಬೆಳಗಿನ ಹೊತ್ತು ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದಾರೆ ಎಂದು ಡ್ರೈವರೇ ಹೇಳಿದರು, ಯಾರದೋ ಮನೆಯ ಸುದ್ದಿಯಂತೆ.

ಮೂರನೆಯ ಮಧ್ಯಾಹ್ನ ಮೇಸ್ತ್ರಿ ಊಟದ ಡಬ್ಬಿ ಮುಚ್ಚುತ್ತ ಕೇಳಿದರು: "ಗಾಡಿ ಸಾಯೋದನ್ನ ನೀನು ನೋಡಿದೀಯಾ?"

"ಇಲ್ಲ. ಅವರು ಓಡಿಸಿ ಬಂದು ಹೇಳ್ತಾರೆ."

"ಸಾಯೋದು ನೋಡದೆ ಪೋಸ್ಟ್‌ಮಾರ್ಟಂ ಮಾಡ್ತಿದೀಯ. ಪಕ್ಕದಲ್ಲಿ ಕೂತ್ಕೋ, ಹೋಗು."

ಬರಿಗೈಲಿ ಕೂತು ಪ್ರಯೋಜನವಿರಲಿಲ್ಲ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರಿನ ತಿರುಪಿನಿಂದ ಉದ್ದನೆಯ ವೈರೊಂದನ್ನು ಕಾರಿನೊಳಕ್ಕೆ ಎಳೆದು, ಅದರ ತುದಿಗೆ ಒಂದು ಪುಟ್ಟ ಬಲ್ಬು ಕಟ್ಟಿದೆ. ಬಲ್ಬಿನ ಇನ್ನೊಂದು ಕಾಲು ಕಾರಿನ ಮೈಗೆ. ಲೆಕ್ಕ ಸರಳ. ಎಂಜಿನ್ ಓಡುವಾಗ ಪಾಯಿಂಟು ಕೂಡಿ ಬಿಟ್ಟು ಮಾಡುವುದರಿಂದ ಬಲ್ಬು ಮಿಣಮಿಣ ಅನ್ನುತ್ತಿರುತ್ತದೆ. ಎಂಜಿನ್ ಸಾಯುವ ಗಳಿಗೆಯಲ್ಲಿ ಬಲ್ಬು ಆರಿದರೆ ಬ್ಯಾಟರಿ ಕಡೆಯಿಂದ ಕರೆಂಟು ಬರುವುದೇ ನಿಂತಿದೆ. ಮಿಣಮಿಣ ಬಿಟ್ಟು ಒಂದೇ ಸಮ ಉರಿದರೆ, ಕರೆಂಟು ಬಂದಿದೆ, ಡಿಸ್ಟ್ರಿಬ್ಯೂಟರಿನೊಳಗೆ ದಾರಿ ಕಡಿದಿದೆ. ಎಂಜಿನ್ ಸತ್ತಾಗಲೂ ಬಲ್ಬಿನ ಮಿಣಮಿಣ ಬದಲಾಗದಿದ್ದರೆ ತಪ್ಪು ಬೇರೆಲ್ಲೋ.

ಬಲ್ಬನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ ಪಕ್ಕ ಕೂತೆ. ನಾಗಸಂದ್ರ ದಾಟಿ ನೆಲಮಂಗಲದ ಕಡೆ ರಸ್ತೆ ಸ್ವಲ್ಪ ತೆರವಾಯಿತು.

"ಅಣ್ಣ, ಅವತ್ತು ಏನೋ ಹೇಳ್ತಿದ್ರಲ್ಲ. ಹೇಗೆ ಹಿಡಿದ್ರೆ ನಿಲ್ಲುತ್ತೆ ಅಂತ."

ಅವರು ರಸ್ತೆಯನ್ನೇ ನೋಡುತ್ತ ಕೇಳಿದರು: "ಈಗ ಯೋಳ್ಲಾ?"

"ಹೇಳಿ."

"ಪೂರಾ ಕೇಳ್ತೀಯಾ?"

"ಕೇಳ್ತೀನಿ."

"ಕೇಳಾದ್ ಬ್ಯಾಡ, ನೋಡು." ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರು. ಬಲ್ಬು ಮಿಣಮಿಣ. ಕಾಲು ಪೂರ್ತಿ ಎತ್ತಿದರು. ಮಿಣಮಿಣ. ಆಮೇಲೆ ಕಾಲನ್ನು ಅರ್ಧಕ್ಕೆ ತಂದು ಅಲ್ಲೇ ಹಿಡಿದರು, ಎಳೆಗೂಸಿನ ತಲೆಗೆ ಕೈ ಕೊಟ್ಟಷ್ಟು ಹದವಾಗಿ. ಒಂದು, ಎರಡು, ಮೂರು ಕ್ಷಣ. ಬಲ್ಬು ಒಮ್ಮೆಲೇ ಬೆಳ್ಳಗೆ ಉರಿಯಿತು. ಎಂಜಿನ್ ಬಿಕ್ಕಿತು. ಮತ್ತೆ ಮಿಣಮಿಣ, ಮತ್ತೆ ಉರಿ, ಮತ್ತೆ ಬಿಕ್ಕು.

"ಈಗ ಒತ್ತುತೀನಿ ನೋಡು," ಎಂದರು. ಒತ್ತಿದರು. ಸರಿಹೋಯಿತು. "ಈಗ ಬಿಡ್ತೀನಿ." ಸರಿಯಾಗಿಯೇ ಇತ್ತು. "ಈಗ ನಡುವೆ." ಬಲ್ಬು ಉರಿಯಿತು.

ನಾನು ಶೆಡ್ಡಿನಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದ್ದೆ! ಪ್ರತಿ ಸಲವೂ ಎಲ್ಲ ಮೆಕ್ಯಾನಿಕ್ಕುಗಳಂತೆ ಎಳೆದು ಬಿಟ್ಟು, ಘರ್ ಎನ್ನಿಸಿ. ನಡುವೆ ಹಿಡಿದು ನಿಲ್ಲಿಸಿದ್ದೇ ಇಲ್ಲ.

ನಡುವೆ ಹಿಡಿದಾಗ ಮಾತ್ರ ಎಂಜಿನ್ನಿನಲ್ಲಿ ಆಗುವುದು ಏನು? ಉತ್ತರ ಪಾಲಿಟೆಕ್ನಿಕ್ಕಿನ ಪುಸ್ತಕದಲ್ಲೇ ಇತ್ತು, ಅದರ ಚಿತ್ರ ಬಿಡಿಸಿ ಅಂಕವನ್ನೂ ತೆಗೆದುಕೊಂಡಿದ್ದೆ. ಕಾರ್ಬೊರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಕಡ್ಡಿಯಷ್ಟು ತೆಳ್ಳಗಿನ ಒಂದು ಕೊಳವೆ ಹೋಗುತ್ತದೆ. ಕಾಲು ಅರ್ಧಕ್ಕಿದ್ದಾಗ ಎಂಜಿನ್ನು ಅದರ ಮೂಲಕ ಗಾಳಿ ಹೀರುತ್ತದೆ. ಆ ಹೀರುವಿಕೆಗೆ ಒಳಗಿನ ತಟ್ಟೆ ಕೂದಲೆಳೆಯಷ್ಟು ತಿರುಗಿ, ಕಿಡಿ ಸ್ವಲ್ಪ ಮುಂಚೆ ಹುಟ್ಟುವಂತೆ ಮಾಡುತ್ತದೆ. ಪೂರ್ತಿ ಒತ್ತಿದರೂ ಪೂರ್ತಿ ಬಿಟ್ಟರೂ ಆ ಎಳೆತ ಇರುವುದಿಲ್ಲ, ತಟ್ಟೆ ತನ್ನ ಜಾಗಕ್ಕೆ ಮರಳುತ್ತದೆ.

ಅಂದರೆ ತಟ್ಟೆ ಚಲಿಸುತ್ತದೆ.

"ಅಣ್ಣ, ಗಾಡಿ ಪಕ್ಕಕ್ಕೆ ಹಾಕಿ."

ಹುಣಸೆ ಮರದ ಕೆಳಗೆ ನಿಲ್ಲಿಸಿದರು. ಮುಚ್ಚಳ ತೆಗೆದೆ. ಪಾಯಿಂಟಿನ ತುಟಿಗಳು ಕೂಡುವ ಹಾಗೆ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಕೀ ಹಾಕಿದೆ. ತುಟಿಗಳು ಕೂಡಿದಾಗ ಕರೆಂಟು ಅವುಗಳ ಮೂಲಕವೇ ಹೋಗುವುದರಿಂದ, ಲೆಕ್ಕದಂತೆ ಬಲ್ಬು ಆರಿತ್ತು. ಕಾರ್ಬೊರೇಟರಿನ ಕಡೆಯಿಂದ ಕೊಳವೆ ಕಳಚಿ ಬಾಯಿಗಿಟ್ಟು ಉಸಿರೆಳೆದೆ. ತಟ್ಟೆ ಸರಿಯಿತು. ಬಲ್ಬು ಉರಿಯಿತು. ತುಟಿಗಳು ಬೇರ್ಪಟ್ಟಿರಬಹುದು ಎಂದು ಬಗ್ಗಿ ನೋಡಿದೆ. ಇಲ್ಲ, ಅಂಟಿಕೊಂಡೇ ಇದ್ದವು. ಉಸಿರು ಬಿಟ್ಟೆ, ಬಲ್ಬು ಆರಿತು. ಮೂರು ಸಲ ಮಾಡಿದೆ. ಬಾಯಿ ತುಂಬ ಪೆಟ್ರೋಲ್ ವಾಸನೆ.

ಆ ತಟ್ಟೆಯ ಮೇಲೆ, ನನ್ನ ಕಣ್ಣಿನ ಮುಂದೆ, ಗೆರೆ ಎಳೆದಂತೆ ನೇರವಾಗಿ ಬೂದು ವೈರು. ಎರಡೂ ತುದಿಗೆ ನನ್ನ ಕೈಯ ಲಗ್ಗು. ಪ್ಯಾನೆಲ್ಲಿನೊಳಗೆ ಯಾವುದೂ ಅಲ್ಲಾಡುವುದಿಲ್ಲ, ಅಲ್ಲಿ ಬಿಗಿಯೇ ಅಂದ. ಇಲ್ಲಿ ತಟ್ಟೆ ಪ್ರತಿ ಸಲ ಸರಿದಾಗಲೂ ಆ ವೈರು ಎಳೆಸಿಕೊಂಡಿದೆ. ಹೊರಗಿನ ಬೂದು ಸಿಪ್ಪೆ ಹಾಗೇ ಇತ್ತು. ಬೆರಳಲ್ಲಿ ಒತ್ತಿದರೆ ಲಗ್ಗಿನ ಪಕ್ಕದಲ್ಲಿ ಒಳಗಿನ ತಾಮ್ರ ತುಂಡಾಗಿರುವುದು ಗೊತ್ತಾಗುತ್ತಿತ್ತು. ಪೂಜೆಯ ಮರುವಾರ ಬ್ರಷ್ಷಿನಿಂದ ಉಜ್ಜಿದಾಗ ಮುರಿದ ತುದಿಗಳು ಹತ್ತಿರ ಬಂದು ನಾಲ್ಕು ದಿನ ಮುಟ್ಟಿಕೊಂಡಿದ್ದವು. ನನ್ನ ಗೆಲುವು ಅಷ್ಟು. ನಾನು ಕಿತ್ತೆಸೆದ ಹಳೆಯ ವೈರು ಜೋಲು ಬಿದ್ದಿದ್ದು ಹಳತಾಗಿ ಅಲ್ಲ, ಮಾಡಿದವರು ಬೇಕೆಂದೇ ಜೋಲು ಬಿಟ್ಟಿದ್ದರು.

ಡ್ರೈವರ್ ನನ್ನ ಭುಜದ ಮೇಲಿಂದ ಬಗ್ಗಿದರು. "ಸಿಕ್ತಾ?"

"ಸಿಕ್ತು. ಈ ವೈರು ಒಳಗೇ ಮುರಿದಿದೆ."

"ಅಳೇ ವೈರಾ?"

"ಹೂಂ," ಎಂದೆ.

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅದು ತಾನಾಗಿ ಬಂತು. ಅವರು ಸಮಾಧಾನದಿಂದ, "ಅಳೇದಾದ್ರೆ ಏನ್ ಮಾಡಕ್ಕಾಯ್ತದೆ, ಗಾಡೀನೂ ಅಳೇದು, ನಾನೂ ಅಳಬ," ಎಂದು ನಕ್ಕು ಬೀಡಿ ಹಚ್ಚಿಕೊಂಡರು.

ಶೆಡ್ಡಿಗೆ ಮರಳಿ ಬೂದು ವೈರು ಕಿತ್ತು, ನೂಲಿನಂಥ ಎಳೆಗಳ ಮೆತ್ತನೆಯ ವೈರನ್ನು ಹಾವಿನ ಸುರುಳಿಯಂತೆ ಜೋಲು ಬಿಟ್ಟು ಕೂರಿಸಿದೆ. ಆಮೇಲೆ, ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ. ಪಕ್ಕದ ಲೇತ್ ಶಾಪಿನ ಪೂಜೆ ತಟ್ಟೆಯಿಂದ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಮುಚ್ಚಳದ ಮೇಲೆ ಅಂದಿನಷ್ಟೇ ದೊಡ್ಡ ಬೊಟ್ಟಿಟ್ಟು ವಿಭೂತಿಯನ್ನೂ ಬಳಿದು ಒಣಗಿಸಿದೆ. ಇಳಿಹೊತ್ತಿಗೆ ಷಟರ್ ಎಳೆದು ಕತ್ತಲು ಮಾಡಿ ಎಂಜಿನ್ ಹಚ್ಚಿದೆ. ಕಿಡಿ ಸೋರುತ್ತಿದ್ದರೆ ಕತ್ತಲಲ್ಲಿ ನೀಲಿಯಾಗಿ ಕಾಣಬೇಕು. ಹತ್ತು ನಿಮಿಷ ಕಣ್ಣು ನೆಟ್ಟೆ. ಏನೂ ಇಲ್ಲ. ನೀರು ಚಿಮುಕಿಸಿದಾಗ ಮಾತ್ರ ಒಂದು ನೀಲಿ ಎಳೆ ಹೊಳೆದು ಮಾಯವಾಯಿತು. ಅಂದರೆ ನನ್ನ ವಾದ ಪೂರ್ತಿ ಮೂರ್ಖತನವೇನಲ್ಲ. ಆದರೆ ಅಂದು ಮಳೆ ಇರಲಿಲ್ಲ, ಮುಚ್ಚಳ ಒಣಗಿತ್ತು. ನಾನು ಸೋರುವುದನ್ನು ನೋಡದೆಯೇ ಸೋರುತ್ತಿದೆ ಎಂದಿದ್ದೆ.

ಮೇಸ್ತ್ರಿ ಷಟರ್ ಎತ್ತಿ ಒಳಬಂದರು. ಬೆಂಚಿನ ಮೇಲಿದ್ದ ಬೂದು ವೈರನ್ನು ನೋಡಿದರು, ನನ್ನನ್ನು ನೋಡಿದರು.

"ನಾನೇ ಹಾಕಿದ್ದು, ಆಷಾಢದಲ್ಲಿ," ಎಂದೆ. "ಯಾವ ವೈರಾದ್ರೂ ಒಂದಲ್ಲ ಒಂದು ದಿನ ಮುರೀತಿತ್ತು ಮೇಸ್ತ್ರಿ. ಮತ್ತೆ ಡಾಕ್ಟರಿಗೆ ಕಾರು ಮಾರೋ ಯೋಚನೆ ಮೊದಲೇ ಇತ್ತು. ಮತ್ತೆ..."

"ನಾನೇನು ಜಡ್ಜಾ?" ಎಂದರು ಅವರು. "ನಿನ್ನ ಕೈ ಕೆಲಸ, ನಿನ್ನ ಬಾಯಿ ಮಾತು. ಗಿರಾಕಿ ಹೋದ್ರೆ ಹೋಗ್ಲಿ."

ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಎರಡೂ ಪಕ್ಷಕ್ಕೆ ನಾನೇ ವಾದಿಸಿದೆ. ಕಾರು ಸರಿಹೋಗಿದೆ, ಯಾರಿಗೂ ಅಪಾಯವಿಲ್ಲ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿರುವ ಪಕ್ಷಕ್ಕೆ ವಾದಗಳು ಹೆಚ್ಚು, ಒಳ್ಳೆಯವೂ ಹೌದು. ಎದುರು ಪಕ್ಷಕ್ಕೆ ಇದ್ದದ್ದು ಒಂದೇ: ಆ ಮನುಷ್ಯ ಕಿಸೆಗೆ ಹಾಕಿಕೊಂಡ ಒಣ ಹಾರ. ಅದಕ್ಕೆ ಉತ್ತರ ಹುಡುಕಿ ಹುಡುಕಿ ಸೋತೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ, ತುಂಬು ಬಸುರಿಯರ ನಡುವೆ, ಟೋಕನ್ ಹಿಡಿದು ಕೂತಿದ್ದೆ. ಚೀಲದಲ್ಲಿ ಬೂದು ವೈರು, ಟಾರ್ಚಿನ ಸೆಲ್ಲು, ಬಲ್ಬು. ಪಕ್ಕದ ಹೆಂಗಸು, "ನಿಮ್ಮೆಜಮಾನ್ತಿಗೆ ಎಷ್ಟು ತಿಂಗ್ಳು?" ಎಂದಳು. "ಇನ್ನೂ ಮದುವೆ ಇಲ್ಲಕ್ಕ," ಎಂದೆ. ಅವಳು ಸ್ವಲ್ಪ ದೂರ ಸರಿದು ಕೂತಳು.

ಡಾಕ್ಟರ ಮೇಜಿನ ಮೇಲೆ ಸೆಲ್ಲು, ವೈರು, ಬಲ್ಬು ಜೋಡಿಸಿ ಉರಿಸಿದೆ. ವೈರನ್ನು ಕೂದಲೆಳೆಯಷ್ಟು ಎಳೆದೆ, ಆರಿತು. ಬಿಟ್ಟೆ, ಉರಿಯಿತು. "ಇದರಿಂದ ಕಾರು ನಿಂತಿದ್ದು ಮೇಡಂ. ಈ ವೈರು ಹಾಕಿದ್ದು ನಾನು."

ಅವರು ವೈರನ್ನು ಕೈಗೆ ತಗೊಂಡು ತಾವೂ ಎಳೆದು ನೋಡಿದರು. "ಮತ್ತ ಕುಂಕುಮ?"

"ಅದರಿಂದ ಏನೂ ಆಗಿರಲಿಲ್ಲ. ನಿನ್ನೆ ಪರೀಕ್ಷೆ ಮಾಡಿದೆ."

"ಅವತ್ತು ಮಾಡಿರಲಿಲ್ಲೇನು?"

"ಇಲ್ಲ. ಇನ್ನೊಂದು ಹೇಳ್ಬೇಕು. ಕುಂಕುಮದ ಜೊತೆ ವಿಭೂತಿನೂ ಇತ್ತು ಮೇಡಂ. ನೀವು ಕೊಟ್ಟಿದ್ದು ಅಂತ ಗೊತ್ತಿತ್ತು, ಅದಕ್ಕೇ ಆ ಹೆಸರು ಎತ್ತಲಿಲ್ಲ."

ಅವರು ವೈರನ್ನು ಮೇಜಿನ ಮೇಲಿಟ್ಟರು. ಕೈ ತನ್ನಷ್ಟಕ್ಕೆ ಹಣೆಯ ಹತ್ತಿರ ಹೋಗಿ ಇಳಿಯಿತು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಬೆಲ್ಲು ಒತ್ತಿ, ಡ್ರೈವರನ್ನು ಕರೆಯಲು ಹೇಳಿದರು.

ಡ್ರೈವರ್ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಬಂದರು. ಮೇಜಿನ ಮೇಲಿನ ವೈರನ್ನೂ ನನ್ನನ್ನೂ ನೋಡಿದರು.

"ಈ ವೈರು ಹಳೇದಲ್ಲ ಅಣ್ಣ," ಎಂದೆ. "ನಿನ್ನೆ ಸುಳ್ಳು ಹೇಳಿದೆ. ಆಷಾಢದಲ್ಲಿ ನಾನೇ ಹಾಕಿದ್ದು. ತಪ್ಪು ನಂದು."

ಅವರ ಮುಖ ಬಿಗಿಯಿತು. ಒಂದು ಹೆಜ್ಜೆ ನನ್ನ ಕಡೆ ಇಟ್ಟು ನಿಂತರು.

ಡಾಕ್ಟರು ಹೇಳಿದರು: "ತಪ್ಪು ಅವನೊಬ್ಬನದೇ ಅಲ್ಲ. ಇಪ್ಪತ್ತೆರಡು ವರ್ಷ ನನ್ನ ಗಾಡಿ ಓಡಿಸಿದ್ದಿ. ನಾನೂ ನಿನ್ನ ಒಂದು ಮಾತು ಕೇಳಲಿಲ್ಲ."

"ಯಾರೂ ಕೇಳ್ನಿಲ್ಲ ಅಮ್ಮಾವ್ರೆ," ಎಂದರು ಡ್ರೈವರ್. "ಇವ್ನಿಗೆ ಯೋಳಕ್ಕೋದೆ. ಬಾಯಿ ಮುಚ್ಚಿಸ್ದ. ಮನೇಲಿ ನನ್ ಎಂಡ್ತಿ ದಿನಾ ಕೇಳ್ತಾವ್ಳೆ, ದೇವ್ರ ಕುಂಕುಮ ಇಟ್ಟಿದ್ಕೆ ಕೆಲ್ಸ ಓಗ್ತದಾ ಅಂತ. ಏನಂತ ಯೋಳ್ಲಿ?"

"ಇನ್ನು ಆ ಮಾತು ಬೇಡ. ತಿಂಗಳ ಕೊನೆ ಅಂದಿದ್ದನ್ನ ಮರೆತುಬಿಡು. ಆ ಕಾರು ಇರೋತನಕ ಕೀ ನಿನ್ನ ಹತ್ರ ಇರಲಿ. ಆಮೇಲೆ ಬರೋ ಕಾರಿಂದೂ." ಡಾಕ್ಟರು ವೈರನ್ನು ನನ್ನ ಕಡೆ ಸರಿಸಿದರು. "ಇದನ್ನ ಬಿಸಾಡಬ್ಯಾಡ, ಇಟ್ಕೋ. ಈಗ ಹೊರಗೆ ಹೋಗಿ ಗಾಡಿ ಓಡಿಸಿ ನೋಡ್ರಿ ಇಬ್ರೂ. ನನಗ ಪೇಷೆಂಟ್ ಕಾಯ್ತಾರ."

ಕಾರಿನಲ್ಲಿ ನಾನು ಡ್ರೈವರ ಪಕ್ಕ ಕೂತೆ. ತುಮಕೂರು ರಸ್ತೆಗೆ ಬಂದು, ಲಾರಿಗಳ ಸಾಲು ತೆಳುವಾದ ಮೇಲೆ, ಅವರು ಕಾಲನ್ನು ಅರ್ಧಕ್ಕೆ ತಂದು ಹಿಡಿದರು. ನನ್ನ ಬಲ್ಬನ್ನು ನಾನೇ ಬಿಚ್ಚಿಟ್ಟಿದ್ದೆ, ಈ ಸಲ ನೋಡಲು ಏನೂ ಇರಲಿಲ್ಲ. ಕೇಳಿಸಿಕೊಳ್ಳುವುದೊಂದೇ. ಹುಣಸೆ ಮರ ಹಿಂದೆ ಹೋಯಿತು. ಎಂಜಿನ್ನಿನ ಸದ್ದು ಒಂದೇ ಸಮ, ಅಜ್ಜಿ ರಾಗಿ ಬೀಸಿದ ಹಾಗೆ. ನೆಲಮಂಗಲ ಬರುವವರೆಗೂ ಅವರು ಆ ಕಾಲನ್ನು ಅಲ್ಲಾಡಿಸಲಿಲ್ಲ.

ಅಲ್ಲಿ ಗಾಡಿ ತಿರುಗಿಸುತ್ತ ಕೇಳಿದರು: "ಮುಂದಿನ್ ವರ್ಸ ಪೂಜೆಗೆ ಕುಂಕುಮ ಇಡ್ಬೋದಾ?"

"ಇಡಿ ಅಣ್ಣ. ಆದ್ರೆ ಮುಚ್ಚಳದ ಮೇಲೆ ಬೇಡ. ಒದ್ದೆಯಾದ್ರೆ ನಿಜವಾಗ್ಲೂ ಸೋರುತ್ತೆ, ನಾನೇ ನೋಡಿದೀನಿ, ನೀರು ಚಿಮುಕಿಸಿ..."

"ಸ್ಟೇರಿಂಗ್‌ಗೆ ಇಡ್ತೀನಿ ಬಿಡು. ಇನ್ನೊಂದು. ಇನ್ನೊಂದ್ ಸಲ ನಾನು ಗಾಡಿ ವಿಸ್ಯ ಯೋಳುವಾಗ..."

"ಮಧ್ಯ ಬಾಯಿ ಹಾಕಲ್ಲ ಅಣ್ಣ, ಖಂಡಿತ."

"ಈಗ್ತಾನೆ ಆಕ್ದೆ," ಎಂದರು. ಅಷ್ಟು ದಿನಗಳಲ್ಲಿ ಮೊದಲ ಬಾರಿ ನನ್ನ ಕಡೆ ತಿರುಗಿ, ಬಾಯಿ ತುಂಬ ನಕ್ಕರು.